ಗೂಡಲೂರಿನ ಕಾರ್ಡಿಗೆ ಬಿದ್ದ ರೈಟ್ ಗುರುತು

ಸಿಂಚನಾ, ಭುವನ್,

ಹೋದ ವಾರ ಸಿಂಚನಾ ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದೆ ತಂದಿಟ್ಟು, "ನೋಡಜ್ಜಿ, ಕಾಲೇಜಿನಲ್ಲಿ ನಮಗೆ ಕಾರ್ಡ್ ಮಾಡೋಕೆ ಕೊಟ್ಟಿದ್ದಾರೆ" ಎಂದಳು. ಪರದೆಯ ಮೇಲೆ ಸಾಲಾಗಿ ಚೌಕಗಳಿದ್ದವು. ಒಂದೊಂದರಲ್ಲೂ ಒಂದು ಚಿತ್ರ, ಒಂದು ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು. ನೋಡುವವರು ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನು, "ಚಿತ್ರದ ಮೇಲೆ ಒತ್ತದೆ ಅಂಚಿನ ಮೇಲೆ ಒತ್ತಿದರೂ ಆಗುತ್ತದೆಯೇ?" ಎಂದು ಕೇಳಿದೆ. ನೀವಿಬ್ಬರೂ ನನ್ನ ಮುಖವನ್ನೇ ನೋಡಿದಿರಿ.

ಅಜ್ಜಿ ಚಾಮರಾಜನಗರದ ಕಂಪ್ಯೂಟರ್ ಸೆಂಟರಿನಲ್ಲಿ ಟೈಪ್ ಮಾಡುತ್ತಿದ್ದಳು ಎಂದಷ್ಟೇ ನಿಮಗೆ ಗೊತ್ತು. ಅದಕ್ಕಿಂತ ಹೆಚ್ಚು ನಾನೂ ಹೇಳಿಲ್ಲ. ನಾಲ್ಕು ಜನ ಕೂತ ಕಡೆ ಬಾಯಿ ತೆರೆಯಲು ನನಗೆ ಈಗಲೂ ಆಗುವುದಿಲ್ಲ. ಆದ್ದರಿಂದ ಬರೆದು ಕೊಡುತ್ತಿದ್ದೇನೆ. ಸಿಂಚನಾ ಈ ಕೆಲಸಕ್ಕೇ ಸೇರುವವಳಾದರೆ ಅವಳಿಗೆ ಸ್ವಲ್ಪ ಉಪಯೋಗವಾದರೂ ಆಗಬಹುದು. ಭುವನ್‌ಗೆ ನಗು ಬಂದರೂ ಸಾಕು.

ನಾನು ಓದಿದ್ದು ಹರವೆ ಪಕ್ಕದ ನಮ್ಮೂರಿನ ಶಾಲೆಯಲ್ಲಿ, ಆಮೇಲೆ ಹತ್ತನೆಯವರೆಗೆ ಹರವೆಯಲ್ಲಿ. ನಿಮ್ಮ ತಾತ ತೀರಿಹೋದಾಗ ನಿಮ್ಮ ಅಪ್ಪ ಮೂರನೇ ತರಗತಿ. ಆ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನನ್ನ ತಮ್ಮ ಚಾಮರಾಜನಗರದಲ್ಲಿ ಟೈಪಿಂಗ್ ಕಲಿಯಲು ಸೇರಿಸಿದ. ಕನ್ನಡ ಟೈಪಿಂಗ್ ಮುಗಿಯುವ ಹೊತ್ತಿಗೆ ಊರು ಹೊಸದಾಗಿ ಜಿಲ್ಲೆಯಾಗಿತ್ತು, ಆಫೀಸುಗಳು ಬರುತ್ತಿದ್ದವು, ಬೆರಳಚ್ಚು ಬಲ್ಲವರಿಗೆ ಕೆಲಸವಿತ್ತು. ಶಿವಸ್ವಾಮಿ ಎಂಬವರು ಒಂದು ಕಂಪ್ಯೂಟರ್ ಸೆಂಟರ್ ತೆರೆದಿದ್ದರು. ಮೈಸೂರಿನಲ್ಲಿ ಓದಿ ಬಂದವರು, ನನಗಿಂತ ಚಿಕ್ಕವರು. ಆದರೂ ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ತಾಯಮ್ಮನೋರೆ ಎನ್ನುತ್ತಿದ್ದರು. ಮೊದಲ ವರ್ಷವೆಲ್ಲ ನಾನು ಮಾಡಿದ್ದು ಲಗ್ನಪತ್ರಿಕೆ, ಬಾಡಿಗೆ ಕರಾರು, ಅರ್ಜಿ. ಯಾರಾದರೂ ಗಂಡಸರು ಬಂದು ಪಕ್ಕದಲ್ಲಿ ನಿಂತರೆ ಸೆರಗು ಎಳೆದುಕೊಂಡು ಪ್ರಿಂಟರಿನ ಹಿಂದಕ್ಕೆ ಸರಿದುಬಿಡುತ್ತಿದ್ದೆ. ಸರ್ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದರು. ಅವರ ಒಳ್ಳೆಯತನಗಳಲ್ಲಿ ಅದೊಂದು.

ಆಮೇಲೆ ಸರ್ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಡಲು ಶುರು ಮಾಡಿದರು. ಲೆಕ್ಕದ ಭಾಗ ಅವರದು. ಪರದೆಯ ಮೇಲೆ ಏನು ಎಲ್ಲಿ ಕಾಣಬೇಕು, ಕನ್ನಡದಲ್ಲಿ ಏನೆಂದು ಬರೆದಿರಬೇಕು ಎಂಬುದನ್ನು ನನಗೆ ಬಿಟ್ಟರು. ಕನ್ನಡ ಅಕ್ಷರ ಕೂರಿಸುವುದೇ ಆಗ ದೊಡ್ಡ ರಗಳೆ. ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಹೆಸರು ಇನ್ನೊಂದರಲ್ಲಿ ಬರೀ ಸೊಟ್ಟ ಗೆರೆಗಳಾಗಿ ಕಾಣುತ್ತಿತ್ತು. ಮಿಕ್ಕಿದ ಲಗ್ನಪತ್ರಿಕೆಯ ದಪ್ಪ ಹಾಳೆಯನ್ನು ಕತ್ತರಿಸಿ, ಒಂದೊಂದು ತುಂಡಿನ ಮೇಲೆ ಒಂದೊಂದು ಹೆಸರು ಬರೆದು, ಮೇಜಿನ ಮೇಲೆ ಹರಡಿ ನೋಡುವುದು ನನ್ನ ರೂಢಿ. ಕಂಪ್ಯೂಟರಿನಲ್ಲಿ ಒಂದು ಚೌಕವನ್ನು ಅತ್ತಿತ್ತ ಸರಿಸಲು ಸರ್ ಅರ್ಧ ದಿನ ಕೂರಬೇಕಿತ್ತು, ಹಾಳೆಯನ್ನಾದರೆ ಬೆರಳಲ್ಲಿ ತಳ್ಳಿದರಾಯಿತು. ಆ ತುಂಡುಗಳನ್ನು ನಾವು ಕಾರ್ಡು ಎಂದು ಕರೆಯುತ್ತಿದ್ದೆವು. ಪರದೆಯ ಮೇಲೆ ಬಂದ ಮೇಲೂ ಅದೇ ಹೆಸರು ಉಳಿಯಿತು.

ಮೊದಲು ಮಾಡಿದ್ದು ಒಂದು ಬಿತ್ತನೆ ಬೀಜದ ಅಂಗಡಿಗೆ. ರಾಗಿ, ಜೋಳ, ಸೂರ್ಯಕಾಂತಿ, ಹುರುಳಿ, ಹೀಗೆ ಒಂದೊಂದಕ್ಕೆ ಒಂದು ಕಾರ್ಡು. ನಾನು ಅವಕ್ಕೆ ಬಣ್ಣ ಕೊಟ್ಟೆ. ಆರಿಸಿದ್ದು ಹಸಿರಾಗಬೇಕು, ಮಿಕ್ಕವು ಹಳದಿ ಇರಬೇಕು. ನಮ್ಮ ಸೆಂಟರಿನಲ್ಲಿ ಚೆನ್ನಾಗಿ ಕಂಡಿತು. ಅಂಗಡಿಯವರು ಕಡಿಮೆಗೆ ಸಿಕ್ಕಿತೆಂದು ಕಪ್ಪು ಬಿಳುಪಿನ ಪರದೆ ತಂದಿಟ್ಟುಕೊಂಡಿದ್ದರು. ಅಲ್ಲಿ ಹಸಿರೂ ಬೂದಿ, ಹಳದಿಯೂ ಬೂದಿ. ಯಾವುದು ಆರಿಸಿದ್ದು, ಯಾವುದು ಅಲ್ಲ, ದೇವರಿಗೇ ಗೊತ್ತು.

ಇನ್ನೊಂದು ಎಡವಟ್ಟೂ ಅಲ್ಲೇ ಆಯಿತು. ಪರದೆ ತೆರೆದಾಗ ಖಾಲಿ ಕಾಣಬಾರದೆಂದು ಮೊದಲ ಕಾರ್ಡನ್ನು, ಅಂದರೆ ರಾಗಿಯನ್ನು, ಮೊದಲೇ ಆರಿಸಿ ಇಟ್ಟಿದ್ದೆವು. ಅಂಗಡಿಯವರು ಅವಸರದಲ್ಲಿ ಬೇರೆಯದನ್ನು ಒತ್ತದೆ ಬಿಲ್ಲು ಹೊಡೆಯುತ್ತಾ ಹೋಗಿದ್ದರು. ಸಂಜೆ ಬಂದು ಸರ್ ಮುಂದೆ ಕೂತು, "ಏನ್ ಸ್ವಾಮಿ, ಇವತ್ತು ನಮ್ ತಾಲೂಕೆಲ್ಲ ರಾಗಿನೇ ಬಿತ್ತಕ್ಕೆ ಒಂಟೋಗದಲ್ಲ. ಸೂರ್ಯಕಾಂತಿ ತಕ್ಕೊಂಡೋನ್ಗೂ ರಾಗಿ ಚೀಟಿ, ಉರುಳಿ ತಕ್ಕೊಂಡೋನ್ಗೂ ರಾಗಿ ಚೀಟಿ" ಎಂದರು. ಸಿಟ್ಟಿರಲಿಲ್ಲ, ನಗುತ್ತಲೇ ಹೇಳಿದರು. ನಾನು ಪ್ರಿಂಟರಿನ ಹಿಂದೆ ಇದ್ದೆ. ಅಂದಿನಿಂದ ನಾವು ಯಾವ ಕಾರ್ಡನ್ನೂ ಮೊದಲೇ ಆರಿಸಿ ಇಡಲಿಲ್ಲ. ಸಿಂಚನಾ, ನಿನ್ನ ಪರದೆಯಲ್ಲಿ ಮೊದಲನೆಯದು ಆಗಲೇ ಆರಿಸಿದಂತೆ ಕಾಣುತ್ತಿತ್ತು, ಅದನ್ನೊಂದು ಸಲ ಯೋಚಿಸು.

ಆ ಅಂಗಡಿಯವರ ಮಾತಿನಿಂದಲೇ ಗುಂಡ್ಲುಪೇಟೆಯ ಲಾರಿ ಆಫೀಸಿನ ಕೆಲಸ ಬಂತು. ನಾನು ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ.

ಅದರ ಯಜಮಾನರು ಮಲ್ಲಪ್ಪನವರು. ಸುತ್ತಲಿನ ಹಳ್ಳಿಗಳಿಂದ ಬಂದ ತರಕಾರಿ, ಈರುಳ್ಳಿ ಮೂಟೆಗಳನ್ನು ಅವರ ಅಂಗಳದಲ್ಲಿ ಇಳಿಸುತ್ತಿದ್ದರು. ಅಲ್ಲಿಂದ ಕೇರಳದ ಬತ್ತೇರಿಗೆ, ಅದರಾಚೆಯ ಕ್ಯಾಲಿಕಟ್‌ಗೆ, ಗೂಡಲೂರಿಗೆ, ಮೈಸೂರಿಗೆ ಲಾರಿಗಳು. ಯಾವ ಮೂಟೆ ಯಾವ ಊರಿಗೆ ಎಂದು ಚೀಟಿ ಬರೆದುಕೊಡುವವರು ಪುಟ್ಟಮಾದಯ್ಯ. ಹಮಾಲಿಗಳು ಆ ಚೀಟಿಯನ್ನು ನೋಡಿ ಮೂಟೆ ಏರಿಸುತ್ತಿದ್ದರು. ಮಾದಯ್ಯನವರಿಗೆ ಕೈ ನಡುಗುವ ಕಾಯಿಲೆ ಶುರುವಾಗಿತ್ತು. ಅಕ್ಷರ ಒಂದರ ಮೇಲೊಂದು ಹತ್ತಿ, ಗೂಡಲೂರಿನ ಬೀನ್ಸು ಬತ್ತೇರಿಗೆ ಹೋಗಿ, ಅಲ್ಲಿಯ ವ್ಯಾಪಾರಿ ಮಲಯಾಳದಲ್ಲಿ ಬೈದು ಫೋನ್ ಮಾಡಿದ್ದನಂತೆ.

ನಾವು ಮೊದಲ ಸಲ ಹೋದಾಗ ಮಲ್ಲಪ್ಪನವರು ಮಾದಯ್ಯನ ಎದುರಿಗೇ ಹೇಳಿದರು. "ನೋಡಿ ಸ್ವಾಮಿ, ಇವನ ಮೇಲೆ ನಂಗೆ ಸಿಟ್ಟಿಲ್ಲ. ಒಳ್ಳೆ ಆಳು. ಬರೆಯೋ ಕೆಲ್ಸ ಮಿಸನ್ನೇ ಮಾಡೋದಾದ್ರೆ ಇವನೇ ಕೂತ್ಕೊಳ್ಳಲಿ. ಅದೂ ಆಗಾಕಿಲ್ಲ ಅಂದ್ರೆ, ಮೈಸೂರಲ್ಲಿ ಕಂಪ್ಯೂಟ್ರು ಕಲ್ತಿರೋ ಹುಡುಗ ಒಬ್ಬ ಅವ್ನೆ. ಬರೋ ತಿಂಗ್ಳು ಅವನ್ನ ಕರುಸ್ತೀನಿ."

ಯಜಮಾನರು ಅಂಗಳಕ್ಕೆ ಹೋದ ಮೇಲೆ ಮಾದಯ್ಯ ನನ್ನ ಕಡೆ ತಿರುಗಿ ಮೆಲ್ಲಗೆ, "ಎಂಗಾರ ಮಾಡವ್ವ. ಈ ಕುರ್ಚಿ ಓದ್ರೆ ನಾನು ಪುಣಜನೂರಲ್ಲಿ ಅಳಿಯನ ಮನೆ ಜಗುಲಿ ಕಾಯ್ಬೇಕು. ಮಗಳು ಕರೀತಾನೇ ಅವ್ಳೆ. ಅಳಿಯನೂ ಒಳ್ಳೆವ್ನೇ. ಆದ್ರೆ ದಿನಾ ಅವನ ಮುಂದೆ ತಟ್ಟೆ ಇಟ್ಕೊಂಡು ಕೂರಕ್ಕೆ ನಂಗಾಗಾಕಿಲ್ಲ" ಎಂದರು. ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ನಾನೂ ತಮ್ಮನ ಮನೆಯಲ್ಲಿ ಅನ್ನ ಉಂಡವಳು.

ಸರ್ ಮೊದಲು ಮಾಡಿದ್ದು ಎಲ್ಲರೂ ಮಾಡುವ ರೀತಿಯ ಪರದೆ. ಊರಿನ ಹೆಸರು, ಅದರ ಎಡಕ್ಕೆ ಮೆಣಸಿನ ಕಾಳಿನಷ್ಟು ಸಣ್ಣ ಸೊನ್ನೆ. ಮೌಸ್ ಹಿಡಿದು, ಬಾಣದ ಗುರುತನ್ನು ಆ ಸೊನ್ನೆಯೊಳಗೆ ತಂದು ಒತ್ತಬೇಕು. ಮಾದಯ್ಯ ಕೂತರು. ಬಾಣ ಸೊನ್ನೆಯ ಹತ್ತಿರ ಬರುತ್ತಿತ್ತು, ಅಷ್ಟರಲ್ಲಿ ಕೈ ನಡುಗುತ್ತಿತ್ತು, ಬಾಣ ಹಾರಿ ಮೂಲೆಗೆ ಹೋಗುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಹಮಾಲಿ ಸಿದ್ದರಾಜು, "ಏನ್ಲಾ ಮಾದಯ್ಯ, ನೊಣ ಹೊಡೀತಿದ್ದೀಯಾ?" ಎಂದ.

"ನೀನ್ ಬಂದ್ ಇಡಿಲಾ ನೋಡನ. ಮೂಟೆ ಎತ್ದಂಗಲ್ಲ ಇದು" ಎಂದರು ಮಾದಯ್ಯ. ಆಮೇಲೆ ನಮ್ಮ ಕಡೆ ನೋಡಿ, "ಇನ್ನೇನ್ ಬಂತು ಅನ್ನೋ ಒತ್ಗೆ ಎಗರೋಯ್ತದೆ ಕಣವ್ವ" ಎಂದರು.

ಆ ಮಧ್ಯಾಹ್ನ ಸರ್ ಊಟಕ್ಕೆ ಹೋದಾಗ ನಾನು ಚೀಲದಿಂದ ನನ್ನ ಹಾಳೆ ಕಾರ್ಡುಗಳನ್ನು ತೆಗೆದು ಅವರ ಮೇಜಿನ ಮೇಲೆ ಇಟ್ಟೆ. "ಅಣ್ಣ, ಗೂಡಲೂರು ತೋರಿಸಿ" ಎಂದೆ. ಅವರು ಬೆರಳಿಡಲಿಲ್ಲ. ಅಂಗೈಯನ್ನೇ ಆ ಕಾರ್ಡಿನ ಮೇಲೆ ಚಪ್ಪಟೆ ಇಟ್ಟರು. ಹಾಗೆ ಇಟ್ಟಾಗ ಕೈ ನಡುಗಿದರೂ ಕಾರ್ಡಿನ ಆಚೆ ಹೋಗಲಿಲ್ಲ. ಬತ್ತೇರಿ ಎಂದೆ, ಮೈಸೂರು ಎಂದೆ. ಒಂದೂ ತಪ್ಪಲಿಲ್ಲ.

ಸರ್ ಬಂದ ಮೇಲೆ ಅವರಿಗೂ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. "ಒತ್ತೋ ಜಾಗ ಸೊನ್ನೆ ಮಾತ್ರ ಯಾಕಾಗಬೇಕು, ಇಡೀ ಕಾರ್ಡೇ ಆಗಲಿ ಅಲ್ವಾ" ಎಂದು ತಮಗೆ ತಾವೇ ಹೇಳಿಕೊಂಡರು. ಆಗಿನ ಪ್ರೋಗ್ರಾಮಿನಲ್ಲಿ ಅದು ಸುಲಭವಿರಲಿಲ್ಲ. ಹೆಸರು ಬೇರೆ, ಚಿತ್ರ ಬೇರೆ, ಗೆರೆ ಬೇರೆ. ಹೆಸರಿನ ಮೇಲೆ ಒತ್ತಿದ್ದು ಚಿತ್ರಕ್ಕೆ ಗೊತ್ತಾಗುತ್ತಿರಲಿಲ್ಲ. ಸರ್ ಒಂದು ಉಪಾಯ ಮಾಡಿದರು. ಇಡೀ ಕಾರ್ಡಿನ ಮೇಲೆ ಕಣ್ಣಿಗೆ ಕಾಣದ ಒಂದು ಗಾಜು ಹಾಸಿದ ಹಾಗೆ ಇನ್ನೊಂದು ಚೌಕ ಕೂರಿಸಿದರು. ಎಲ್ಲಿ ಒತ್ತಿದರೂ ಆ ಗಾಜಿನ ಮೇಲೇ ಒತ್ತಿದಂತೆ. ಈಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದೆಲ್ಲ ತಾನಾಗಿಯೇ ಬರುತ್ತದೇನೋ, ನನಗೆ ತಿಳಿಯದು.

ಕಾರ್ಡು ದೊಡ್ಡದು ಮಾಡಿದಾಗ ಇನ್ನೊಂದು ತೊಂದರೆ ಕಂಡಿತು. ಪರದೆ ತುಂಬಲಿ ಎಂದು ಅವನ್ನು ಒಂದಕ್ಕೊಂದು ಅಂಟಿಸಿ ಇಟ್ಟಿದ್ದೆವು. ಮಾದಯ್ಯನ ಕೈ ಅಂಚಿನಲ್ಲಿ ನಡುಗಿದರೆ ಪಕ್ಕದ ಊರಿಗೆ ಬೀಳುತ್ತಿತ್ತು. ನಮ್ಮೂರಲ್ಲಿ ಎರಡು ಹೊಲದ ನಡುವೆ ಬದು ಬಿಡುವುದಿಲ್ಲವೇ, ಹಾಗೆ ನಡುವೆ ಅಗಲವಾದ ಖಾಲಿ ಜಾಗ ಬಿಡಿ, ಅಲ್ಲಿ ಒತ್ತಿದರೆ ಏನೂ ಆಗದಿರಲಿ ಎಂದು ನಾನು ಹೇಳಿದೆ. ಸರ್ ಹಾಗೇ ಮಾಡಿದರು. ಅವರು ಊರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿದ್ದರು. ಮಾದಯ್ಯ ಅದನ್ನು ನೋಡಿ, "ಕ್ಯಾಲಿಕಟ್ ಆದ್ಮೇಲೆ ಬತ್ತೇರಿ ಎಂಗವ್ವ ಬರ್ತದೆ? ಲಾರಿ ಏನ್ ಇಂದಿಂದಕ್ಕೆ ಓಗ್ತದಾ?" ಎಂದರು. ದಾರಿಯಲ್ಲಿ ಮೊದಲು ಬರುವ ಊರು ಮೊದಲು ಎಂದು ಜೋಡಿಸಿದೆವು. ಒಂದೊಂದು ಹೆಸರಿನ ಕೆಳಗೆ ಆ ಲಾರಿ ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದನ್ನೂ ಬರೆದೆವು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡೆವು. ಯಜಮಾನರು ಪರೀಕ್ಷೆ ನೋಡಲು ಒಂದು ದಿನ ಗೊತ್ತು ಮಾಡಿದರು. ಅವತ್ತು ಸಂತೆಯ ದಿನವಲ್ಲ, ಆದರೂ ಅಂಗಳದಲ್ಲಿ ಕೋಸು, ಬೀಟ್‌ರೂಟು ಸಾಕಷ್ಟಿತ್ತು. ಬೀಜದ ಅಂಗಡಿಯ ಬಣ್ಣದ ಪಾಠ ನೆನಪಿದ್ದುದರಿಂದ, ಆರಿಸಿದ ಕಾರ್ಡು ಎದ್ದು ಕಾಣಲಿ ಎಂದು ಅದರ ಮೂಲೆಯಲ್ಲಿ ಒಂದು ದೊಡ್ಡ ರೈಟ್ ಗುರುತು ಬರುವಂತೆ ಮಾಡಿದ್ದೆವು. ಮಾಸ್ತರರು ಸರಿಯುತ್ತರಕ್ಕೆ ಹಾಕುವಂಥದ್ದೇ. ಹಿಂದಿನ ದಿನವಷ್ಟೇ ಸೇರಿಸಿದ್ದು. ಮಾದಯ್ಯ ಅದನ್ನು ನೋಡಿರಲಿಲ್ಲ.

ಮಲ್ಲಪ್ಪನವರು ಮಾದಯ್ಯನ ಹಿಂದೆ ನಿಂತರು. ಸಿದ್ದರಾಜು ಬಾಗಿಲಿಂದ, "ಗೂಡಲೂರ್‌ಗೆ ಕೋಸು" ಎಂದು ಕೂಗಿದ. ಮಾದಯ್ಯ ಬಾಣವನ್ನು ಮೆಲ್ಲಗೆ ಗೂಡಲೂರಿನ ಕಾರ್ಡಿಗೆ ತಂದು ಒತ್ತಿದರು. ರೈಟ್ ಗುರುತು ಬಂತು. ಅವರು ಸ್ವಲ್ಪ ತಡೆದರು. ಆಮೇಲೆ ಬಾಣವನ್ನು ಸರಿಸಿ ಮೈಸೂರನ್ನು ಒತ್ತಿ, ಪರದೆಯನ್ನು ಮತ್ತೆ ನೋಡದೆ ಚೀಟಿ ಹೊರಡಿಸುವ ಕೀಲಿ ಒತ್ತಿದರು. ಚೀಟಿ ಹೊರಬಂತು. ಅದರಲ್ಲಿ ಮೈಸೂರು ಎಂದಿತ್ತು.

"ಇನ್ನೊಂದು ಮಾಡು" ಎಂದರು ಯಜಮಾನರು. ಬತ್ತೇರಿಗೆ ಬೀಟ್‌ರೂಟು. ಮಾದಯ್ಯ ಬತ್ತೇರಿ ಒತ್ತಿದರು, ಗುರುತು ಬಂತು, ತಡೆದರು, ಕ್ಯಾಲಿಕಟ್ ಒತ್ತಿ ಹಾಗೇ ಕೀಲಿಯನ್ನೂ ಒತ್ತಿದರು. ಚೀಟಿ ಕ್ಯಾಲಿಕಟ್‌ದು ಬಂತು.

ಮಲ್ಲಪ್ಪನವರು ಆ ಚೀಟಿಯನ್ನು ಮೇಜಿನ ಮೇಲೆ ಹಾಕಿ, "ಆಯ್ತು ಬುಡಿ ಸ್ವಾಮಿ. ಕೈ ಒಂದೇ ಅಂದ್ಕೊಂಡಿದ್ದೆ. ತಲೆನೂ ಓಗ್ಬುಟ್ಟದೆ. ಆ ಹುಡುಗನ್ಗೆ ಹೇಳಿಕಳುಸ್ತೀನಿ" ಎಂದರು.

ಮಾದಯ್ಯ ಮೌಸ್ ಬಿಟ್ಟು ಎರಡೂ ಕೈಯನ್ನು ತೊಡೆಯ ನಡುವೆ ಇಟ್ಟುಕೊಂಡರು. ಯಜಮಾನರಿಗೆ ಎದುರಾಡಿ ಅವರಿಗೆ ಅಭ್ಯಾಸವೇ ಇರಲಿಲ್ಲ. ನನಗೆ ಒಂದೇ ಅನುಮಾನ. ಎರಡು ಸಲವೂ ಮೊದಲು ಸರಿಯಾಗಿಯೇ ಒತ್ತಿದ್ದರಲ್ಲ. ತಲೆ ಹೋದವರು ಮೊದಲು ಸರಿಯಾದದ್ದನ್ನು ಒತ್ತುವುದು ಹೇಗೆ? ಯಾರಾದರೂ ಕೇಳುತ್ತಾರೇನೋ ಎಂದು ಕಾದೆ. ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಅಣ್ಣ, ಗೂಡಲೂರು ಒತ್ತಿದ್ರಲ್ಲ. ಆಮೇಲೆ ಯಾಕೆ ಮೈಸೂರು ಒತ್ತಿದ್ರಿ?"

ಮಾದಯ್ಯ ಇದೇನು ಕೇಳುತ್ತಿದ್ದಾಳೆ ಎಂಬಂತೆ ನನ್ನನ್ನು ನೋಡಿದರು. "ಗೂಡಲೂರು ಲಾರಿ ತುಂಬೋಯ್ತಲ್ಲವ್ವ. ರೈಟ್ ಆಕ್ಬುಡ್ತಲ್ಲ ಅದ್ರ ಮೇಲೆ. ತುಂಬಿದ್ ಲಾರಿಗೆ ಎಂಗ್ ಏರ್ಸಾದು? ಅದ್ಕೇ ಬ್ಯಾರೆದ್ಕೆ ಬರ್ದೆ."

ನನಗೆ ಅರ್ಥವಾಗಲಿಲ್ಲ, ಸರ್‌ಗೂ ಆಗಲಿಲ್ಲ. ಸಿದ್ದರಾಜು ಬಾಗಿಲಲ್ಲೇ ನಗಲು ಶುರು ಮಾಡಿದ. "ಬನ್ರವ್ವ ಇಲ್ಲಿ" ಎಂದು ನನ್ನನ್ನು ಕರೆದ. ನಾನು ಅಂಗಳಕ್ಕೆ ಇಳಿದದ್ದು ಅದೇ ಮೊದಲು. ಅಲ್ಲಿ ಒಂದು ಲಾರಿ ಹೊರಡಲು ನಿಂತಿತ್ತು. ಅದರ ಹಿಂದಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ರೈಟ್ ಗುರುತು. ಲಾರಿ ತುಂಬಿದ ತಕ್ಷಣ ಹಮಾಲಿಗಳು ಅದನ್ನು ಹಾಕುವರಂತೆ. ಅದನ್ನು ಕಂಡರೆ ಆ ಲಾರಿಗೆ ಇನ್ನು ಒಂದು ಕೋಸೂ ಏರಿಸಬಾರದು, ಹೊಸ ಚೀಟಿ ಬರೆಯಬಾರದು. ಮಾದಯ್ಯ ಕಿಟಕಿಯಿಂದ ಆ ಗುರುತುಗಳನ್ನೇ ನೋಡಿಕೊಂಡು ಅಷ್ಟು ವರ್ಷ ಚೀಟಿ ಬರೆದಿದ್ದರು.

ಒಳಗೆ ಬಂದಾಗ ಮಲ್ಲಪ್ಪನವರು ಕುರ್ಚಿಯಲ್ಲಿ ಕುಸಿದು ಕೂತು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡಿದ್ದರು. "ಆ ಗುರುತು ಆಕ್ಸಿದ್ದೇ ನಾನು ಕಣಮ್ಮ. ಮುಂಚೆ ತುಂಬಿದ್ ಲಾರಿಗೇ ಇನ್ನೊಂದಷ್ಟು ಏರ್ಸಿ ದಾರಿಲಿ ಸ್ಪ್ರಿಂಗ್ ಪಟ್ಟಿ ಮುರ್ಕೊಂಡ್ ಬರೋರು. ಗುರುತು ಕಂಡ್ಮೇಲೆ ಯಾವನಾರ ಏರ್ಸುದ್ರೆ ಕೆಲ್ಸದಿಂದ ತಗಿತೀನಿ ಅಂದಿದ್ದೆ. ಇವ್ನು ಮಿಸನ್ ಮುಂದೆ ಕೂತ್ರೂ ನನ್ ಮಾತು ಮೀರಾಕಿಲ್ಲ ನೋಡಿ." ಆಮೇಲೆ ಮಾದಯ್ಯನ ಬೆನ್ನಿಗೆ ಒಂದು ಗುದ್ದು ಹಾಕಿ, "ಬಾಯ್ಬುಟ್ಟು ಏಳಕ್ಕೇನಾಗಿತ್ಲಾ ನಿಂಗೆ?" ಎಂದರು.

"ನೀವು ಕೇಳ್ಲಿಲ್ಲ ಯಜಮಾನ್ರೆ" ಎಂದರು ಮಾದಯ್ಯ.

ನಾವು ಮತ್ತೆ ಕಾರ್ಡು ಹರಡಿಕೊಂಡು ಕೂತೆವು. ಈ ಸಲ ಸಿದ್ದರಾಜುವನ್ನೂ ಕೂರಿಸಿಕೊಂಡೆವು. ಏರಿಸಬೇಕಾದ ಮೂಟೆ ಯಾವುದೆಂದು ನೀವು ಹೇಗೆ ತೋರಿಸುತ್ತೀರಿ ಎಂದು ಕೇಳಿದಾಗ ಅವನು, "ತೋರ್ಸೋದೇನವ್ವ, ಸಾಲಿಂದ ಮುಂದಕ್ಕೆ ಎಳೆದು ನಿಲ್ಲುಸ್ತೀವಿ" ಎಂದ. ಅದನ್ನೇ ಪರದೆಗೆ ತಂದೆವು. ಆರಿಸಿದ ಕಾರ್ಡು ಸಾಲಿಗಿಂತ ಸ್ವಲ್ಪ ಮುಂದೆ ಬಂದು, ಸುತ್ತ ದಪ್ಪ ಗೆರೆ ಪಡೆಯುತ್ತಿತ್ತು, ಮಿಕ್ಕವು ಮಸುಕಾಗುತ್ತಿದ್ದವು. ಕೆಳಗೆ ಮಾತಿನಲ್ಲಿಯೇ, "ಗೂಡಲೂರಿಗೆ ಚೀಟಿ ಬರೆಯಲೇ?" ಎಂಬ ಪ್ರಶ್ನೆ ಬರುತ್ತಿತ್ತು. ರೈಟ್ ಗುರುತನ್ನು ತೆಗೆಯಲಿಲ್ಲ. ಲಾರಿ ತುಂಬಿದಾಗ ಮಾತ್ರ ಆ ಊರಿನ ಕಾರ್ಡಿಗೆ ಅದು ಬೀಳುವಂತೆ ಮಾಡಿದೆವು. ಬಿದ್ದ ಮೇಲೆ ಎಷ್ಟು ಒತ್ತಿದರೂ ಆ ಕಾರ್ಡು ಚೀಟಿ ಕೊಡುತ್ತಿರಲಿಲ್ಲ. ಯಜಮಾನರಿಗೆ ತುಂಬಾ ಇಷ್ಟವಾದದ್ದು ಅದೇ.

ಎರಡನೆಯ ಸಲದ ಪರೀಕ್ಷೆಯನ್ನು ಸಂತೆಯ ದಿನವೇ ಇಟ್ಟರು. ಬೆಳಿಗ್ಗೆಯಿಂದ ಲಾರಿಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕರೆಂಟು ಒಂದು ಸಲ ಹೋಗಿ ಬಂತು. ಮಾದಯ್ಯ ಕದಲದೆ ಕೂತು ಒಂದಾದ ಮೇಲೊಂದು ಚೀಟಿ ಕೊಟ್ಟರು. ನಾನು ಗೋಡೆಗೆ ಒರಗಿ ಪ್ರತಿ ಚೀಟಿಯನ್ನೂ ನೋಡುತ್ತಿದ್ದೆ. ನಡುವೆ ಅವರ ಕೈ ಜೋರಾಗಿ ನಡುಗಿ ಬಾಣ ಕಾರ್ಡು ದಾಟಿ ಖಾಲಿ ಜಾಗಕ್ಕೆ ಬಿತ್ತು. ಏನೂ ಆಗಲಿಲ್ಲ. ಅವರು ಮತ್ತೆ ತಂದು ಒತ್ತಿದರು. ನನ್ನ ಕಡೆ ತಿರುಗಿ, "ನಡುಗ್ಲಿ ಬುಡವ್ವ. ಬದುನೊಳ್ಗೆ ಎಷ್ಟ್ ಬೇಕಾರ ನಡುಗ್ಲಿ" ಎಂದರು.

ಮಧ್ಯಾಹ್ನದ ಹೊತ್ತಿಗೆ ಅಂಗಳ ಖಾಲಿಯಾಯಿತು. ಮಲ್ಲಪ್ಪನವರು ಹಮಾಲಿಗಳನ್ನು ವಿಚಾರಿಸಿ ಬಂದು, ಹೊಗಳಿಕೆಯ ಮಾತೇನೂ ಆಡದೆ, ಸರ್‌ಗೆ, "ಆ ಮೈಸೂರ್ ಹುಡುಗನ್ಗೆ ಬರೋದ್ ಬ್ಯಾಡ ಅಂತ ಫೋನ್ ಮಾಡ್ಬುಡ್ತೀನಿ" ಎಂದರು. ನಾನು ಅಲ್ಲೇ ಬಾಗಿಲ ಬಳಿ ಉಳಿದಿದ್ದ ಒಂದು ಈರುಳ್ಳಿ ಮೂಟೆಯ ಮೇಲೆ ಕೂತುಬಿಟ್ಟೆ. ಗಂಡಸರ ನಡುವೆ ಕೂತಿದ್ದೇನೆ ಎಂಬುದೂ ಆಗ ನೆನಪಾಗಲಿಲ್ಲ.

ಆಮೇಲಿನ ಕೆಲಸಗಳು ಬೇಕಾದಷ್ಟು. ಸೆಂಟರಿಗೆ ಬಣ್ಣದ ಪ್ರಿಂಟರ್ ಬಂತು, ಇಂಟರ್ನೆಟ್ ಬಂತು, ಪರದೆಯನ್ನು ಬೆರಳಲ್ಲೇ ಮುಟ್ಟುವ ಕಾಲವೂ ಬಂತು. ನನ್ನ ಸಂಬಳ ಯಾವಾಗ ಏರಿತು ಎಂಬುದೆಲ್ಲ ನಿಮಗೆ ಬೇಡ. ಯಾವ ಹೊಸ ಕೆಲಸ ಬಂದರೂ ನಾನು ಮೊದಲು ಕತ್ತರಿ ತೆಗೆದುಕೊಂಡು ಹಾಳೆ ಕತ್ತರಿಸುತ್ತಿದ್ದೆ. ಅದನ್ನು ಉಪಯೋಗಿಸುವವರ ಮುಂದೆ ಹರಡಿ, ಅವರು ತಪ್ಪು ಒತ್ತಿದರೆ ಯಾಕೆ ಒತ್ತಿದಿರಿ ಎಂದು ಕೇಳುತ್ತಿದ್ದೆ. ಆ ಒಂದು ಪ್ರಶ್ನೆ ಕೇಳಲು ಮಾತ್ರ ನನಗೆ ಆಮೇಲೆ ಎಂದೂ ನಾಚಿಕೆಯಾಗಲಿಲ್ಲ. ಸಿಂಚನಾ, ನಿನಗೆ ನನ್ನ ಹಾಗೆ ನಾಚಿಕೆಯಿಲ್ಲ, ನೀನು ಇನ್ನೂ ಬೇಗ ಕೇಳಬಹುದು.

ಆ ಸಂತೆಯ ದಿನ ಸಂಜೆ ನಾವು ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದಾಗ ಮಾದಯ್ಯನೂ ಅಲ್ಲಿಗೆ ಬಂದರು. ಒಗೆದ ಪಂಚೆ ಉಟ್ಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದಿದ್ದರು. ಎಲ್ಲಿಗೆ ಎಂದು ಸರ್ ಕೇಳಿದರು.

"ಪುಣಜನೂರಿಗೆ ಕಣ್ ಸ್ವಾಮಿ. ಮಗಳ ಮನೆಗೆ. ನೆಂಟನಾಗಿ ಓಯ್ತಾ ಇವ್ನಿ. ಉಂಡು, ಮನಿಕ್ಕೊಂಡು, ಬೆಳಿಗ್ಗೆ ಮೊದಲ್ನೆ ಬಸ್ಸಿಗೆ ಬಂದ್ಬುಡ್ತೀನಿ. ಕೆಲ್ಸ ಅದಲ್ಲ."

ಚಾಮರಾಜನಗರದವರೆಗೆ ನಮ್ಮ ದಾರಿ ಒಂದೇ. ಬಸ್ಸಿನಲ್ಲಿ ಅವರು ನನ್ನ ಮುಂದಿನ ಸೀಟಿನಲ್ಲಿ ಕೂತು, ಟಿಕೆಟ್ ತೆಗೆದುಕೊಳ್ಳುವ ಮೊದಲೇ ನಿದ್ದೆ ಹೋದರು. ಕಂಡಕ್ಟರ್ ಬಂದಾಗ ಸರ್ ಅವರನ್ನು ಎಬ್ಬಿಸಲು ಬಿಡದೆ ತಾವೇ ಟಿಕೆಟ್ ತೆಗೆದರು.

ಆ ಲಾರಿ ಆಫೀಸು ಈಗ ಇಲ್ಲ. ಆ ಪರದೆಯೂ ಯಾವ ಕಂಪ್ಯೂಟರಿನಲ್ಲಿಯೂ ಉಳಿದಿಲ್ಲ. ಮಾದಯ್ಯ ತಾವಾಗಿ ಬೇಡ ಎನ್ನುವವರೆಗೂ ಆ ಕುರ್ಚಿಯಲ್ಲೇ ಕೂತು ಕೆಲಸ ಮಾಡಿದರು ಎಂದು ಬಲ್ಲವರೂ ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ. ಅದಕ್ಕಾಗಿ ಈ ಹಾಳೆಗಳನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ, ಮಕ್ಕಳೇ. ಮನೆ ಸುಣ್ಣ ಹೊಡೆಸುವಾಗ ರದ್ದಿಯ ಜೊತೆ ಹೋಗಲು ಬಿಡಬೇಡಿ. ನಿಮ್ಮ ಪುಸ್ತಕಗಳ ನಡುವೆ ಎಲ್ಲಾದರೂ ಒಂದು ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.